ಕಾಯಕಕ್ಕೆ ತಕ್ಕ ಪಗಾರ: ಕೇಳುವ ಬಗೆ, ಕೊಡುವ ಬಗೆ

ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಧರ್ಮ ನಮ್ಮದು. ಹನ್ನೆರಡನೆಯ ಶತಮಾನದ ಶರಣರು ಮಡಿ ಮಾಡುವವನ, ಹಗ್ಗ ಹೊಸೆಯುವವನ, ದೋಣಿ ನಡೆಸುವವನ ಕೆಲಸವನ್ನು ಕಾಯಕವೆಂದು ಕರೆದು ಗೌರವಿಸಿದರು. ಆದರೆ ಅದೇ ದುಡಿಮೆಯ ಬೆಲೆಯನ್ನು ಬಾಯಿಬಿಟ್ಟು ಕೇಳುವ ಪ್ರಸಂಗ ಬಂದಾಗ ಮಾತ್ರ ನಮ್ಮ ಮನೆಗಳಲ್ಲಿ ಒಂದು ಬಗೆಯ ಸಂಕೋಚ ತಲೆದೋರುತ್ತದೆ. "ಅವರಾಗಿಯೇ ಕೊಟ್ಟರೆ ಸರಿ, ನಾವಾಗಿ ಕೇಳಬಾರದು" ಎಂಬ ಮಾತು ಎಷ್ಟೋ ಕುಟುಂಬಗಳಲ್ಲಿ ನಿಯಮವೇ ಆಗಿಬಿಟ್ಟಿದೆ.

ಕಮಲಾಪುರ ಇಂದು ತಾಲೂಕು ಕೇಂದ್ರ. ಹುಮನಾಬಾದ ರಸ್ತೆಯ ಬಸ್ಸುಗಳಲ್ಲಿಯೂ, 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಬೀದರ–ಕಲಬುರಗಿ ರೈಲು ಮಾರ್ಗದಲ್ಲಿಯೂ ಪ್ರತಿನಿತ್ಯ ಕಲಬುರಗಿಗೆ ಕೆಲಸಕ್ಕೆ ಹೋಗಿ ಬರುವ ನಮ್ಮ ಮಕ್ಕಳು ಬಹಳ ಮಂದಿ. ಗಂಜಿನ ಅಡತಿ ಅಂಗಡಿಗಳಲ್ಲಿ ಮುನೀಮರಾಗಿ, ತೊಗರಿ ಬೇಳೆಯ ಗಿರಣಿಗಳಲ್ಲಿ ಗುಮಾಸ್ತರಾಗಿ, ಖಾಸಗಿ ಶಾಲೆಗಳಲ್ಲಿ ಶಿಕ್ಷಕಿಯರಾಗಿ, ಆಸ್ಪತ್ರೆಗಳಲ್ಲಿ ದಾದಿಯರಾಗಿ, ಬಟ್ಟೆ ಅಂಗಡಿಗಳಲ್ಲಿ ಮಾರಾಟಗಾರರಾಗಿ ಇವರು ದುಡಿಯುತ್ತಾರೆ. 2012ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಿಂದ ಈ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ದೊರೆತಿರುವುದು ನಿಜ. ಆದರೆ ಸರ್ಕಾರಿ ನೌಕರಿ ಎಲ್ಲರಿಗೂ ಸಿಗುವಂಥದಲ್ಲ. ಖಾಸಗಿ ಪಗಾರದ ಮೇಲೆಯೇ ಸಂಸಾರ ಸಾಗಿಸಬೇಕಾದವರಿಗೆ ವೇತನ ಆಯೋಗವಿಲ್ಲ, ವರ್ಷಕ್ಕೊಮ್ಮೆ ತಾನಾಗಿ ಬರುವ ಬಡ್ತಿಯಿಲ್ಲ. ಅವರು ಕೇಳಿಯೇ ಪಡೆಯಬೇಕು. ಆದುದರಿಂದ ಕೇಳುವ ಕ್ರಮವನ್ನು ಅರಿತಿರುವುದು ಅವಶ್ಯಕ.

ಕೇಳುವುದು ಆಸೆಯೇ?

ಪಗಾರ ಹೆಚ್ಚಿಸಿರೆಂದು ಕೇಳುವುದು ದುರಾಸೆಯೆಂದು ಭಾವಿಸುವವರು ಸಾಮಾನ್ಯವಾಗಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮುಂದಿಡುತ್ತಾರೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಮರಳಿ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ನಾವು ನಿಧಾನವಾಗಿ ವಿಚಾರಿಸಬೇಕು. ಲಕ್ಕಮ್ಮ ಬೇಡವೆಂದದ್ದು ನಿತ್ಯದ ಅಗತ್ಯವನ್ನೂ ನಿತ್ಯದ ದುಡಿಮೆಯನ್ನೂ ಮೀರಿ ಬಂದ ಸಂಗ್ರಹವನ್ನು. ದುಡಿದ ಕೈಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಆಕೆ ಎಂದೂ ಬೇಡವೆನ್ನಲಿಲ್ಲ.

ನುಲಿಯ ಚಂದಯ್ಯನ ಕಥೆಯೂ ಇದನ್ನೇ ಇನ್ನೊಂದು ಮಗ್ಗುಲಿನಿಂದ ಹೇಳುತ್ತದೆ. ತಾನು ಹೊಸೆದ ಹಗ್ಗಕ್ಕೆ ಬೆಲೆ ಮೀರಿ ಬಂದ ಹಣವನ್ನು ಆತ ಸ್ವೀಕರಿಸಲಿಲ್ಲ. ಹೆಚ್ಚಿನದನ್ನು ಒಲ್ಲೆನೆನ್ನಬೇಕಾದರೆ ನ್ಯಾಯವಾದ ಬೆಲೆ ಎಷ್ಟೆಂಬುದು ಆತನಿಗೆ ಗೊತ್ತಿರಲೇಬೇಕಷ್ಟೆ? ತನ್ನ ಕಾಯಕದ ಬೆಲೆಯನ್ನು ಅರಿತವನು ಮಾತ್ರ ಅದಕ್ಕಿಂತ ಹೆಚ್ಚಾದಾಗ ಹಿಂದಿರುಗಿಸಬಲ್ಲ, ಕಡಿಮೆಯಾದಾಗ ಕೇಳಬಲ್ಲ. ಇವೆರಡೂ ಒಂದೇ ಪ್ರಾಮಾಣಿಕತೆಯ ಎರಡು ಮುಖಗಳು.

ಇನ್ನು ಮೌನವಾಗಿದ್ದರೆ ಆಗುವುದೇನು? ಮೂರು ವರ್ಷಗಳ ಹಿಂದೆ 12,000 ರೂಪಾಯಿ ಪಗಾರಕ್ಕೆ ಸೇರಿದ ಒಬ್ಬ ಗುಮಾಸ್ತನನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದವೆಂದು ಎಣಿಸಿದರೆ, ಅಂದು 12,000ಕ್ಕೆ ಬರುತ್ತಿದ್ದ ಅಕ್ಕಿ, ಬೇಳೆ, ಬಾಡಿಗೆ, ಶಾಲೆಯ ಫೀಸುಗಳಿಗೆ ಇಂದು ಸುಮಾರು 13,890 ರೂಪಾಯಿ ಬೇಕು. ಪಗಾರ ಅಷ್ಟೇ ಇದ್ದರೆ ಆತನ ಪಗಾರ ನಿಂತಿದೆ ಎಂದರ್ಥವಲ್ಲ, ಇಳಿದಿದೆ ಎಂದರ್ಥ. ಹೀಗಿರುವಾಗ 14,000 ಕೇಳುವುದು ಹೆಚ್ಚಳವನ್ನು ಕೇಳಿದಂತೆಯೂ ಅಲ್ಲ, ಮೊದಲು ಒಪ್ಪಿದುದನ್ನು ಉಳಿಸಿಕೊಳ್ಳಲು ಕೇಳಿದಂತೆ.

ಕಷ್ಟ ಹೇಳಿದರೆ ಸಾಲ, ಕೆಲಸ ತೋರಿದರೆ ಪಗಾರ

ನಮ್ಮವರು ಪಗಾರ ಕೇಳುವಾಗ ಮಾಡುವ ದೊಡ್ಡ ತಪ್ಪು ಒಂದಿದೆ. ಮಗಳ ಮದುವೆ, ತಾಯಿಯ ಶಸ್ತ್ರಚಿಕಿತ್ಸೆ, ಮನೆಯ ಮಾಳಿಗೆ ಸೋರುವುದು, ಇವನ್ನೆಲ್ಲ ಧಣಿಯ ಮುಂದೆ ತೋಡಿಕೊಳ್ಳುತ್ತಾರೆ. ಧಣಿ ದಯಾಳುವಾದರೆ ಮುಂಗಡ ಕೊಡುತ್ತಾನೆ. ಆ ಮುಂಗಡ ತಿಂಗಳು ತಿಂಗಳು ಪಗಾರದಲ್ಲಿ ಕಡಿತವಾಗುತ್ತದೆ, ಅದು ತೀರುವವರೆಗೆ ಪಗಾರದ ಮಾತೆತ್ತಲು ಬಾಯಿ ಬರುವುದಿಲ್ಲ, ಬೇರೆಡೆ ಹೋಗಲು ಕಾಲೂ ಬರುವುದಿಲ್ಲ. ಕಷ್ಟವನ್ನು ಹೇಳಿಕೊಂಡರೆ ಸಾಲ ಸಿಗುತ್ತದೆ, ಕೆಲಸವನ್ನು ತೋರಿಸಿದರೆ ಪಗಾರ ಏರುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಹಾಗಾದರೆ ತೋರಿಸಬೇಕಾದುದು ಏನು? ಒಂದು ಸಣ್ಣ ನೋಟುಬುಕ್ಕು ಸಾಕು. ಸೇರಿದಾಗ ಒಪ್ಪಿಸಿದ ಕೆಲಸ ಯಾವುದು, ಈಗ ಮಾಡುತ್ತಿರುವುದು ಯಾವುದು ಎಂಬುದನ್ನು ಅದರಲ್ಲಿ ಬರೆದಿಡಬೇಕು. ಬರೀ ಖಾತೆ ಬರೆಯಲು ಸೇರಿದ ಮುನೀಮನು ಇಂದು ಜಿಎಸ್‌ಟಿ ಲೆಕ್ಕವನ್ನೂ ಸಲ್ಲಿಸುತ್ತಿರಬಹುದು; ನಾಲ್ಕನೆಯ ತರಗತಿಗೆ ಸೇರಿದ ಶಿಕ್ಷಕಿ ಈಗ ಏಳನೆಯ ತರಗತಿಯ ಗಣಿತವನ್ನೂ ಶಾಲೆಯ ಪರೀಕ್ಷಾ ಕೆಲಸವನ್ನೂ ನಿರ್ವಹಿಸುತ್ತಿರಬಹುದು. ವಸೂಲಾಗದೆ ಉಳಿದಿದ್ದ ಬಾಕಿ ಎಷ್ಟು ಬಂದಿತು, ಯಾವ ನಷ್ಟ ತಪ್ಪಿತು, ಎಷ್ಟು ಮಕ್ಕಳು ಹೊಸದಾಗಿ ಸೇರಿದರು ಎಂಬುದನ್ನು ದಿನಾಂಕದೊಡನೆ ಗುರುತಿಸಿಡಬೇಕು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ ಅಪವಾದ ಬಂದಾಗ ಅವರನ್ನು ಕಾಪಾಡಿದ್ದು ಸರಿಹೊಂದಿದ ಲೆಕ್ಕವೆಂದು ಪುರಾಣಗಳು ಸಾರುತ್ತವೆ. ಲೆಕ್ಕ ಸರಿಯಿದ್ದವನಿಗೆ ದನಿ ಎತ್ತರಿಸುವ ಅಗತ್ಯ ಬೀಳುವುದಿಲ್ಲ.

ಎರಡನೆಯದು, ಪೇಟೆಯ ಧಾರಣೆ. ಅದೇ ಕೆಲಸಕ್ಕೆ ಕಲಬುರಗಿಯಲ್ಲಿ ಬೇರೆಯವರು ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ನಾಲ್ಕಾರು ಕಡೆ ವಿಚಾರಿಸಬೇಕು. ನಮ್ಮ ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿರಿ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೋಟದಲ್ಲಿ ನಿಲ್ಲುವ ಬೆಳೆ. ಬೆಳೆದ ರೈತ ಅದನ್ನು ಉಳಿದ ಬಾಳೆಯ ದರಕ್ಕೆ ಕೊಡುವುದಿಲ್ಲ. ಹೆಚ್ಚು ಬೆಲೆ ಏಕೆಂದು ಕೇಳಿದವರಿಗೆ ಕಾರಣವನ್ನು ಹೇಳುತ್ತಾನೆ. ಹಣ್ಣಿನ ಬೆಲೆಗೆ ಕಾರಣ ಹೇಳಬಲ್ಲ ನಾವು ಬೆವರಿನ ಬೆಲೆಗೆ ಕಾರಣ ಹೇಳಲಾರೆವೇ?

ವೇಳೆ ಮತ್ತು ಮಾತು

ಹೊಲಕ್ಕೆ ಹದವಿರುವಂತೆ ಕೇಳುವುದಕ್ಕೂ ಹದವಿದೆ. ತೊಗರಿಯ ಆವಕ ಭರದಲ್ಲಿರುವ ದಿನಗಳಲ್ಲಿ ಗಿರಣಿಯ ಧಣಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಗ ಪ್ರಾಣ ಕೊಟ್ಟು ದುಡಿದು, ಸುಗ್ಗಿ ಮುಗಿದು ಲಾಭದ ಲೆಕ್ಕ ಕಣ್ಣೆದುರಿಗೆ ಇರುವಾಗ ಕೇಳಬೇಕು. ಅಂಗಡಿಗಳಲ್ಲಿ ದೀಪಾವಳಿಯ ಹೊಸ ಖಾತೆಗೆ ಮುಂಚೆ ಮಾತಾಡಿದರೆ ಹೊಸ ಪಗಾರ ಹೊಸ ಖಾತೆಯಲ್ಲೇ ಏರುತ್ತದೆ. ಶಾಲೆಗಳಲ್ಲಿ ಬರುವ ವರ್ಷದ ಫೀಸು ಗೊತ್ತುಮಾಡುವ ಮೊದಲು, ಕಂಪನಿಗಳಲ್ಲಿ ಏಪ್ರಿಲ್ ತಿಂಗಳಿಗೆ ಮೊದಲು ವಿಷಯ ಮುಟ್ಟಿಸಬೇಕು. ಖರ್ಚಿನ ಪಟ್ಟಿ ಮುಗಿದ ಮೇಲೆ ಕೇಳಿದರೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಖಚಿತ.

ಗಿರಾಕಿಗಳ ಎದುರಿಗೆ, ಬೇರೆ ನೌಕರರ ಎದುರಿಗೆ, ಮದುವೆಯ ಊಟದ ಪಂಕ್ತಿಯಲ್ಲಿ ಈ ಮಾತು ತೆಗೆಯಬಾರದು. ಮೊದಲು ವೇಳೆ ಕೇಳಿಕೊಳ್ಳಬೇಕು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, "ಸಾಹುಕಾರ್ರೇ, ತಮ್ಮ ಕೂಡ ಹತ್ತು ನಿಮಿಷ ಮಾತಾಡೋದಿತ್ತು. ನಾಳಿ ಸಂಜಿಕಿ ಅಂಗಡಿ ಮುಚ್ಚೋ ಮುಂದ ಬಂದ್ರ ನಡೀತದೇನ್ರಿ?" ಇಷ್ಟು ಸಾಕು. ಮರುದಿನ ಕುಳಿತಾಗ ಮೂರೇ ಮಾತು: ಮಾಡಿದ ಕೆಲಸ, ಬೆಳೆದ ಹೊಣೆ, ಬೇಕಾದ ಪಗಾರ. "ಏನಾದರೂ ನೋಡಿ ಮಾಡ್ರಿ" ಎಂದರೆ ಏನೂ ಆಗುವುದಿಲ್ಲ. ಒಂದು ಅಂಕಿಯನ್ನು ಸ್ಪಷ್ಟವಾಗಿ ಹೇಳಬೇಕು. ಹೇಳಿದ ಮೇಲೆ ತಾನೇ ಗಾಬರಿಯಾಗಿ ಅದನ್ನು ಇಳಿಸದೆ, ಎದುರಿನವರ ಉತ್ತರಕ್ಕಾಗಿ ಸುಮ್ಮನೆ ಕಾಯಬೇಕು. ಆ ಅಂಕಿಗಿಂತ ಕೆಳಗೆ ಎಲ್ಲಿಯವರೆಗೆ ಒಪ್ಪಬಹುದೆಂಬುದನ್ನು ಮನೆಯಲ್ಲಿ ಹೆಂಡತಿ ಅಥವಾ ಗಂಡನೊಡನೆ ಕುಳಿತು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಬೇರೆಡೆ ಕೆಲಸ ಸಿಕ್ಕಿದೆಯೆಂದು ಸುಳ್ಳು ಹೇಳಬಾರದು. ಸುಳ್ಳು ಹೇಳಿ ಪಡೆದ ಪಗಾರಕ್ಕೆ ಕಾಯಕದ ಘನತೆ ಉಳಿಯುವುದಿಲ್ಲ.

ರಾಜ್ಯದಲ್ಲಿ ನಡೆದ ಮೂರು ಪ್ರಸಂಗಗಳು

ಒಬ್ಬೊಬ್ಬರ ಮಾತು ಹಾಗಿರಲಿ, ಸಾಮೂಹಿಕವಾಗಿ ವೇತನ ಕೇಳಿದ ಪ್ರಸಂಗಗಳಿಂದಲೂ ನಾವು ಕಲಿಯುವುದುಂಟು.

ರಾಜ್ಯ ಸರ್ಕಾರ 2022ರ ನವೆಂಬರಿನಲ್ಲಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ಏಳನೆಯ ವೇತನ ಆಯೋಗವನ್ನು ರಚಿಸಿತು. ವರದಿ ತಡವಾಗುವುದೆಂದು ಕಂಡಾಗ ನೌಕರರ ಸಂಘ 2023ರ ಮಾರ್ಚ್ 1ರಂದು ಮುಷ್ಕರ ಆರಂಭಿಸಿತು. ಕೇಳಿದ್ದು ಶೇ. 40, ಅದೇ ದಿನ ದೊರೆತದ್ದು ಶೇ. 17ರ ಮಧ್ಯಂತರ ಹೆಚ್ಚಳ. ಸಂಘ ಅದನ್ನು ಒಪ್ಪಿ ಮುಷ್ಕರವನ್ನು ಹಿಂತೆಗೆದುಕೊಂಡಿತು, ಆದರೆ ಬೇಡಿಕೆಯನ್ನು ಬಿಡಲಿಲ್ಲ. 2024ರ ಮಾರ್ಚಿನಲ್ಲಿ ಆಯೋಗ ಶೇ. 27.5ರ ಹೆಚ್ಚಳಕ್ಕೂ, ಕನಿಷ್ಠ ಮೂಲ ವೇತನವನ್ನು 17,000ದಿಂದ 27,000 ರೂಪಾಯಿಗೆ ಏರಿಸುವುದಕ್ಕೂ ಶಿಫಾರಸು ಮಾಡಿತು. ಅದು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ದೊರೆತುದನ್ನು ಸ್ವೀಕರಿಸಿ, ಉಳಿದುದಕ್ಕೆ ದಾರಿ ತೆರೆದಿಟ್ಟುಕೊಳ್ಳುವುದು ಸೋಲಲ್ಲ ಎಂಬುದು ಇಲ್ಲಿಯ ಪಾಠ.

ಸಾರಿಗೆ ನೌಕರರ ಹೋರಾಟ ನಮ್ಮ ಊರಿಗೆ ಇನ್ನೂ ಹತ್ತಿರದ್ದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದೇ ಕಲಬುರಗಿಯಲ್ಲಿ. 2020ರ ಡಿಸೆಂಬರಿನಲ್ಲಿ ಅವರು ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸುವಂತೆ ಕೇಳಿದರು. 2021ರ ಏಪ್ರಿಲ್ 7ರಿಂದ ಆರನೆಯ ವೇತನ ಆಯೋಗದ ವೇತನಕ್ಕಾಗಿ ಎರಡು ವಾರ ಬಸ್ಸು ನಿಲ್ಲಿಸಿದರು. ಕೋವಿಡ್ ಸೋಂಕು ಏರುತ್ತಿದ್ದ ಕಾಲ ಅದು. ಹೈಕೋರ್ಟಿನ ಮಧ್ಯಪ್ರವೇಶದ ನಂತರ ಮುಷ್ಕರ ನಿಂತಿತು. ಅನೇಕರು ವಜಾ, ಅಮಾನತುಗಳನ್ನು ಅನುಭವಿಸಬೇಕಾಯಿತು. ಕೊನೆಗೆ ಶೇ. 15ರ ಹೆಚ್ಚಳ ಬಂದದ್ದು 2023ರ ಮಾರ್ಚಿನಲ್ಲಿ. ಬೇಡಿಕೆ ನ್ಯಾಯವಾಗಿದ್ದರೂ ವೇಳೆ ಪ್ರತಿಕೂಲವಾದರೆ ತೆರಬೇಕಾದ ಬೆಲೆ ದೊಡ್ಡದು.

ಮೂರನೆಯದು ಆಶಾ ಕಾರ್ಯಕರ್ತೆಯರದು. 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತ ಈ ತಾಯಂದಿರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಅದರ ಜಾರಿಗಾಗಿ ಅವರು ಮತ್ತೆ ಧರಣಿ ಕೂಡಬೇಕಾಯಿತು. ಬಾಯಿಮಾತು ಕಾಗದದ ಮೇಲೆ ಬರುವವರೆಗೆ ಕೆಲಸ ಮುಗಿದಂತಲ್ಲ.

ಕಾಗದ ಮತ್ತು ಕಾನೂನು

ಆದುದರಿಂದ ಧಣಿ ಒಪ್ಪಿದ ದಿನವೇ ಒಂದು ವಿನಯದ ಪತ್ರ ಬರೆದು ಕೊಡುವುದು ಒಳ್ಳೆಯದು:

"ಮಾನ್ಯರೇ, ಇಂದಿನ ಮಾತುಕತೆಯಲ್ಲಿ ತಾವು ಬರುವ ತಿಂಗಳ 1ನೆಯ ತಾರೀಖಿನಿಂದ ನನ್ನ ಮೂಲ ವೇತನವನ್ನು 14,000 ರೂಪಾಯಿಗೆ ಏರಿಸಲು ಒಪ್ಪಿದ್ದಕ್ಕೆ ಕೃತಜ್ಞನಾಗಿದ್ದೇನೆ. ಒಪ್ಪಿಸಿದ ಹೊಸ ಹೊಣೆಗಳನ್ನು ನಿಷ್ಠೆಯಿಂದ ನಿರ್ವಹಿಸುತ್ತೇನೆ. ತಮ್ಮ ವಿಶ್ವಾಸಿ."

ಇದರಲ್ಲಿ "ಮೂಲ ವೇತನ" ಎಂಬ ಮಾತನ್ನು ಗಮನಿಸಬೇಕು. ಹೆಚ್ಚಳವನ್ನು ಬರೀ ಪ್ರಯಾಣ ಭತ್ಯೆ, ಬಹುಮಾನ ಎಂದು ಕೊಟ್ಟರೆ ಭವಿಷ್ಯ ನಿಧಿಗೂ ಉಪಧನಕ್ಕೂ ಅದರ ಪೂರ್ಣ ಫಲ ಸಿಗದೆ ಹೋಗಬಹುದು. ಐದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ವೇತನದ ಆಧಾರದ ಮೇಲೆ ವರ್ಷಕ್ಕೆ 15 ದಿನಗಳ ಪಗಾರದಂತೆ, ತಿಂಗಳಿಗೆ 26 ದಿನವೆಂದು ಎಣಿಸಿ ಉಪಧನ ಸಲ್ಲುತ್ತದೆ. ಹತ್ತು ವರ್ಷ ದುಡಿದವರ ಕೊನೆಯ ವೇತನ 12,000 ಇದ್ದರೆ ಸುಮಾರು 69,230 ರೂಪಾಯಿ. 15,000 ಇದ್ದರೆ ಸುಮಾರು 86,540 ರೂಪಾಯಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಈ ಹಕ್ಕು ಉಂಟೆಂಬುದನ್ನು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯದು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ತಿಂಗಳ ಪಗಾರ ಮರುತಿಂಗಳ 7ನೆಯ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದದಿಂದ ಬೇರೆ ಬೇರೆ ಪಗಾರ ಕೊಡುವಂತಿಲ್ಲ. "ಗಂಡ ದುಡಿಯುತ್ತಾನಲ್ಲ, ನಿಮಗೇಕೆ ಹೆಚ್ಚು?" ಎಂಬ ಪ್ರಶ್ನೆಗೆ ಕಾನೂನಿನಲ್ಲಿಯೂ ಸ್ಥಾನವಿಲ್ಲ, ಲಕ್ಕಮ್ಮನಿಗೆ ಕಾಯಕದ ತಕ್ಕಡಿಯನ್ನು ಒಪ್ಪಿಸಿದ ನಮ್ಮ ಪರಂಪರೆಯಲ್ಲಿಯೂ ಸ್ಥಾನವಿಲ್ಲ. ಉದ್ಯೋಗವಾರು ಕನಿಷ್ಠ ವೇತನದ ವಿವರ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೊರೆಯುತ್ತದೆ. ಪಗಾರ ಅದಕ್ಕಿಂತ ಕಡಿಮೆಯಿದ್ದರೆ ಅದು ಮಾತುಕತೆಯ ವಿಷಯವೇ ಅಲ್ಲ, ಕೊಡಲೇಬೇಕಾದ ಬಾಕಿ.

ಧಣಿ ನಮ್ಮವರೇ ಆದಾಗ

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಸಂಗಕ್ಕೆ ಬರುತ್ತೇವೆ. ಕೆಲಸ ಕೊಟ್ಟವರು ಪರಕೀಯರಾದರೆ ಕೇಳುವುದು ಅಷ್ಟು ಕಷ್ಟವಲ್ಲ. ಆದರೆ ಅಂಗಡಿ ಕಾಕಾನದು, ಗಿರಣಿ ಬೀಗರದು, ಶಾಲೆ ನಮ್ಮವರೇ ಕಟ್ಟಿದ ಸಂಸ್ಥೆಯದು ಎಂದಾಗ ನಾಲಿಗೆ ಕಟ್ಟಿಹೋಗುತ್ತದೆ. ಕೇಳಿದರೆ ಸಂಬಂಧ ಕೆಡುವುದೆಂಬ ಅಂಜಿಕೆ. ಕೇಳದಿದ್ದರೆ ಒಳಗೊಳಗೇ ಕುದಿಯುವ ಅಸಮಾಧಾನ. ನಮ್ಮ ಅನುಭವದಲ್ಲಿ ಸಂಬಂಧಗಳನ್ನು ಕೆಡಿಸಿದ್ದು ಕೇಳಿದ ಮಾತಿಗಿಂತ ಕೇಳದೆ ಉಳಿದ ಮಾತೇ ಹೆಚ್ಚು. ವರ್ಷಗಟ್ಟಲೆ ಸುಮ್ಮನಿದ್ದ ಹುಡುಗ ಒಂದು ದಿನ ಹೇಳದೆ ಕೇಳದೆ ಪುಣೆಗೋ ಹೈದರಾಬಾದಿಗೋ ಹೊರಟುಹೋಗುತ್ತಾನೆ. ಇತ್ತ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ.

ಇಲ್ಲಿಯೂ ದಾರಿ ಇಲ್ಲದಿಲ್ಲ. "ಕಾಕಾ, ಮನಿಯಾಗ ನೀವು ನನಗ ಕಾಕಾ, ಅಂಗಡಿಯಾಗ ಧಣಿ. ಇದು ಅಂಗಡಿ ಮಾತು, ಅದಕ್ಕ ಅಂಗಡಿಯಾಗೇ ಕೇಳ್ತೀನ್ರಿ" ಎಂದು ಗೌರವದಿಂದ ಗೆರೆ ಎಳೆದರೆ ದೊಡ್ಡವರು ತಪ್ಪು ತಿಳಿಯುವುದಿಲ್ಲ. ಮಾತು ಫಲಿಸದಿದ್ದರೆ ಅದನ್ನು ಹಬ್ಬದ ಮನೆಗೆ ಒಯ್ಯಬಾರದು. ಪಗಾರ ಏರಿಸಲು ಆಗದೆಂದರೆ ರಜೆ, ಭವಿಷ್ಯ ನಿಧಿಯ ನೋಂದಣಿ, ಬಸ್ಸಿನ ಪಾಸು, ಕೆಲಸದ ವೇಳೆ, ಇವುಗಳಲ್ಲಿ ಯಾವುದು ಸಾಧ್ಯವೆಂದು ಕೇಳಬಹುದು. "ಯಾವ ಕೆಲಸ ಸುಧಾರಿಸಿದರೆ, ಎಷ್ಟು ತಿಂಗಳಲ್ಲಿ ಮತ್ತೆ ವಿಚಾರ ಮಾಡ್ತೀರಿ?" ಎಂದು ಕೇಳಿ ತಾರೀಖನ್ನು ಗುರುತಿಟ್ಟುಕೊಳ್ಳಬಹುದು. ಆ ತಾರೀಖೂ ಹುಸಿಯಾದರೆ ಬೇರೆ ಕೆಲಸ ನೋಡಿಕೊಂಡು, ಖಾತೆ ಕೀಲಿಕೈಗಳನ್ನು ಕ್ರಮವಾಗಿ ಒಪ್ಪಿಸಿ, ನಮಸ್ಕರಿಸಿ ಹೊರಬರುವುದರಲ್ಲಿ ದ್ರೋಹವೇನೂ ಇಲ್ಲ.

ಈ ಪುಟವನ್ನು ಓದುವವರಲ್ಲಿ ಕೆಲಸ ಕೊಡುವವರೂ ಇದ್ದಾರೆ. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಕಲಬುರಗಿಯ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಅವರ ಜಾತ್ರೆಗೆ ಅಕ್ಕಿ ಬೇಳೆ ಕಳಿಸುವ, ಮಠದ ಕಟ್ಟಡಕ್ಕೆ ಉದಾರವಾಗಿ ಕೊಡುವ ಕೈಗಳು ನಮ್ಮಲ್ಲಿ ಬಹಳ. ಆದರೆ ದಾಸೋಹಕ್ಕೆ ಬಿಚ್ಚುವ ಕೈ ಪಗಾರದ ದಿನ ಬಿಗಿಯಬಾರದು. ಗಲ್ಲಾದಲ್ಲಿ ಕುಳಿತ ಮುನೀಮನಿಗೆ ಸಲ್ಲಬೇಕಾದುದನ್ನು ಉಳಿಸಿ ಮಾಡಿದ ದಾಸೋಹ ಮುನೀಮನ ದಾಸೋಹವೇ ಹೊರತು ಧಣಿಯದಲ್ಲ. ಶಾಲೆಯ ಕೆಲಸವನ್ನು "ಸೇವೆ" ಎಂದು ಕರೆಯುವ ಸಂಸ್ಥೆಗಳು ಆ ಸೇವೆಗೆ ಮನೆಬಾಡಿಗೆ ಕಟ್ಟುವ ಶಕ್ತಿಯಿದೆಯೇ ಎಂಬುದನ್ನೂ ನೋಡಬೇಕು. ಅಂಗಡಿಯ ಸ್ಥಿತಿ ನಿಜವಾಗಿಯೂ ಬಿಗಿಯಾಗಿದ್ದರೆ ಲೆಕ್ಕ ತೆರೆದು ತೋರಿಸಿರಿ. ಸತ್ಯ ಕಂಡ ನೌಕರ ಒಂದು ವರ್ಷ ತಾಳಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ನೀವಾಗಿಯೇ ಕರೆದು ಕೂರಿಸಿ ಪಗಾರದ ವಿಚಾರ ಮಾಡುವ ಪದ್ಧತಿ ಹಾಕಿಕೊಂಡರೆ, ಕೇಳುವವನ ಸಂಕೋಚವೂ ಉಳಿಯುತ್ತದೆ, ನಿಮ್ಮ ಹಿರಿತನವೂ ಉಳಿಯುತ್ತದೆ.

ದುಡಿಯುವವನು ಅಂಜದೆ ಕೇಳಲಿ, ದುಡಿಸಿಕೊಳ್ಳುವವನು ಮುನಿಯದೆ ಕೇಳಿಸಿಕೊಳ್ಳಲಿ. ಕಾಯಕವೂ ದಾಸೋಹವೂ ಒಂದೇ ಗಲ್ಲಾದಿಂದ ನಡೆಯತಕ್ಕವು. ಎಲ್ಲರಿಗೂ ಶರಣು ಶರಣಾರ್ಥಿ.